ಕಾಲು ಟ್ಯಾಂಕು

ಹೋದ ವರ್ಷ ಹನ್ನೊಂದನೇ ತಿರುವಿನಲ್ಲಿ
ಸೀಡಿಯಾ ಬಿಕ್ಕಿತು.
‘ಎಡ, ಎರಡು, ಬಿಗಿ, ಒಳಗೆ ಕಲ್ಲು’
ಪಕ್ಕದ ಸೀಟಿನಲ್ಲಿ ಹಿಲ್ಡಾ ಓದುತ್ತಲೇ ಇದ್ದಳು.
ಎಂಜಿನ್ನು ಮಾತ್ರ
ಸಭೆಯಲ್ಲಿ ನಿಂತು ಮಾತು ಮರೆತವರ ಹಾಗೆ
ಅರ್ಧ ಸೆಕೆಂಡು ಸುಮ್ಮನಾಯಿತು.
ಸಂಜೆ ಬೋರ್ಡಿನಲ್ಲಿ ನೋಡಿದರೆ
ನಾವು ಸೋತದ್ದೂ ಹೆಚ್ಚುಕಮ್ಮಿ ಅಷ್ಟಕ್ಕೇ.

ಉಪ್ಪಳ್ಳಿಯ ಜಬ್ಬಾರಣ್ಣನ ಶೆಡ್ಡು.
ಬೆಂಚಿನ ಮೇಲೆ ಹಳೇ ಪೇಪರು ಹಾಸಿ
ಮೂರು ಪಂಪು ಮಲಗಿಸಿದ್ದಾರೆ,
ಆಗಷ್ಟೇ ಹುಟ್ಟಿದ ಬೆಕ್ಕಿನ ಮರಿಗಳಂತೆ.
ಒಂದು ಮುನ್ನೂರ ನಲವತ್ತು ಲೀಟರಿನದು, ಗಂಟೆಗೆ.
ಒಂದು ಇನ್ನೂರ ಐವತ್ತೈದು.
ಮೂರನೆಯದರ ಮೇಲೂ ಇನ್ನೂರ ಐವತ್ತೈದೇ,
ಬೆಲೆ ಮಾತ್ರ ಮೂರನೇ ಒಂದು ಪಾಲು,
ಕಂಪನಿ ಹೆಸರಿನಲ್ಲಿ ಒಂದಕ್ಷರ ಕಾಣೆ.

‘ದೊಡ್ಡದೇ ಹಾಕಿಬಿಡಿ’ ಎಂದೆ.
ನಾನು ಕ್ಯೂರಿಂಗ್ ವರ್ಕ್ಸಿನವನು,
ಇಪ್ಪತ್ತು ವರ್ಷ ಜರಡಿ ಹಿಡಿದು
ಮೇಲುಳಿದ ಬೀಜಕ್ಕೇ ಹೆಚ್ಚು ಬೆಲೆ ಬರೆದವನು.

ಜಬ್ಬಾರಣ್ಣ ಉತ್ತರ ಕೊಡಲಿಲ್ಲ.
ಬಲಗಿವಿ ಹೋಗಿ ಬಹಳ ಕಾಲವಾಯಿತು,
ಬೇಡದ ಮಾತೆಲ್ಲ ಆ ಕಡೆಗೇ ಬೀಳುತ್ತದೆ.

ಬೀಡಿ ಸೇದುವ ಹುಡುಗನನ್ನು ಗೇಟಿನಾಚೆ ಅಟ್ಟಿ
ಬಕೆಟ್ಟಿಗೆ ಪೆಟ್ರೋಲು ಹುಯ್ದು
ಅಗ್ಗದ್ದನ್ನೇ ಮೊದಲು ಇಳಿಸಿದರು.
ಅಳತೆ ಜಾಡಿ ನನ್ನ ಕೈಗೆ, ಸ್ಟಾಪ್‌ವಾಚು ಹಿಲ್ಡಾಳಿಗೆ.
ಮೂವತ್ತು ಸೆಕೆಂಡಿಗೆ ಎರಡು ಲೀಟರು ದಾಟಿತು.
‘ಪರವಾಗಿಲ್ಲವಲ್ಲ!’
‘ಬಯಲಲ್ಲಿ ಎಲ್ಲರೂ ಧಾರಾಳಿಗಳೇ ಸ್ವಾಮಿ’
ಅನ್ನುತ್ತ ಪೈಪಿನ ಕುತ್ತಿಗೆ ಹಿಚುಕಿದರು.
ಮೀಟರಿನ ಮುಳ್ಳು ಮೂರು ಬಾರಿಗೆ ಏರಿತು,
ಧಾರೆ ಬೀದಿ ನಲ್ಲಿಯ ಕೊನೇ ಸರದಿಯಷ್ಟು ಸಣ್ಣಗಾಯಿತು.
ಒಂದು ಲೀಟರಿಗೆ ಒಂದು ಲೋಟ ಕಮ್ಮಿ.

ದೊಡ್ಡದು ಆರ್ಭಟಿಸಿತು. ಜಾಡಿ ತುಂಬಿ ನನ್ನ ಚಪ್ಪಲಿ ನೆನೆಯಿತು.
‘ಇದರ ಹಸಿವು ನಿನ್ನ ಎಂಜಿನ್ನಿಗಿಲ್ಲ.
ಬಡಿಸಿದ್ದು ಉಣ್ಣಲಾರದೆ ವಾಪಸು ಕಳಿಸುತ್ತದೆ,
ವಾಪಸು ಬಂದದ್ದು ಬಿಸಿ,
ಬಿಸಿಯನ್ನೇ ಮತ್ತೆ ಬಡಿಸುತ್ತದೆ.
ಮೇ ತಿಂಗಳಲ್ಲಿ ಕಡೂರು ರಸ್ತೆಗೆ ತಗೊಂಡು ಹೋಗಿ ನೋಡು.’

ನಡುವಿನದಕ್ಕೆ ಉದ್ದನೆ ಸ್ಕ್ರೂಡ್ರೈವರ್ ಆನಿಸಿ
ಹಿಡಿಯನ್ನು ಎಡಗಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರು.
ಕಣ್ಣು ಮುಚ್ಚಿದರು. ಎಷ್ಟೋ ಹೊತ್ತು.
ಆಮೇಲೆ ಹಿಡಿ ನನ್ನ ಕಡೆ ಬಂತು:
ಒತ್ತಡ ಏರಿದರೂ ದನಿ ಏರದ
ಒಂದೇ ಎಳೆಯ ಗುಂಯ್.

‘ಹಾಗಾದರೆ ಇದೇ.’
‘ತಡಿ’ ಎಂದು ಡಿಕ್ಕಿ ತೆರೆದು
ಹಳೇ ವೈರಿಗೆ ಮೀಟರು ಹಿಡಿದರು.
ಹತ್ತೂವರೆ ವೋಲ್ಟು.
ಇಪ್ಪತ್ತು ವರ್ಷದ, ದಾರದಷ್ಟು ತೆಳು ವೈರು.
‘ನಿನ್ನ ಹಳೇ ಪಂಪನ್ನು ಬೈದೆಯಲ್ಲ,
ಪಾಪ, ಅದಕ್ಕೆ ಊಟವೇ ಇರಲಿಲ್ಲ.’

ನಾನು ಚಪ್ಪಲಿ ನೋಡಿಕೊಂಡೆ. ಹಿಲ್ಡಾ ನಕ್ಕಳು.

ದಪ್ಪ ವೈರು, ಹೊಸ ರಿಲೇ, ನಡುವಿನ ಪಂಪು.
ಮುಗಿದಾಗ ರಾತ್ರಿ ಒಂಬತ್ತೂಕಾಲು.
ಬಂಕಿನಲ್ಲಿ ‘ಫುಲ್’ ಎಂದ ನನ್ನ ಬಾಯಿ ಮುಚ್ಚಿಸಿ
ಕಾಲು ಟ್ಯಾಂಕಿಗೆ ನಿಲ್ಲಿಸಿದರು ಜಬ್ಬಾರಣ್ಣ:
‘ಹೊಟ್ಟೆ ತುಂಬಿದ್ದಾಗ ಯಾರ ಗುಣ ಗೊತ್ತಾಗುತ್ತೆ?’

ಈಗ ಮಲ್ಲಂದೂರು ರಸ್ತೆ.
ಹಿಂದಿನ ಸೀಟು ಕಿತ್ತ ಜಾಗದಲ್ಲಿ
ರೋಲ್ ಕೇಜಿನ ಕಂಬಿ ತಬ್ಬಿ ಕೂತಿದ್ದಾರೆ ಮುದುಕ,
ಎಡಗಿವಿಯ ಹಿಂದೆ ಅದೇ ಸ್ಕ್ರೂಡ್ರೈವರ್,
ಅದರ ತುದಿ ಟ್ಯಾಂಕಿನ ಮುಚ್ಚಳದ ಮೇಲೆ.
ಹಿಲ್ಡಾ ಪುಸ್ತಕವಿಲ್ಲದೆ, ಅಭ್ಯಾಸಬಲದಿಂದ,
‘ಎಡ, ಎರಡು’ ಎನ್ನುತ್ತಾಳೆ,
ಪೆಟ್ರೋಲೆಲ್ಲ ಬಲಕ್ಕೆ ವಾಲುತ್ತದೆ,
ನಾನು ಕಾಲು ಎತ್ತುವುದಿಲ್ಲ.